ಬೀದರಿನ ನ್ಯಾಯಸ್ಥಾನಗಳು

ಮೈಸೂರು ಬೆಂಗಳೂರುಗಳ ಕಡೆಯಿಂದ ಬೀದರಿಗೆ ಹೋಗುವವರು ಸಾಮಾನ್ಯವಾಗಿ ಕೋಟೆಯನ್ನು ನೋಡಬೇಕೆಂದು ಹೋಗುತ್ತಾರೆ. ಬರುವಾಗ ಬಿದರಿ ಕೆಲಸದ ಒಂದು ಹೂದಾನಿಯನ್ನೋ ಪಾನ್‌ದಾನನ್ನೋ ಕೊಂಡು ತರುತ್ತಾರೆ. ಎರಡೂ ಒಳ್ಳೆಯ ಕೆಲಸಗಳೇ. ನಾನೂ ಕೋಟೆಯನ್ನು ನೋಡಿದೆನು, ಹೂದಾನಿಯನ್ನೂ ತಂದೆನು. ಆದರೆ ಹೊರಡುವ ಮೊದಲೇ ನನ್ನ ಮನಸ್ಸನ್ನು ಬೇರೊಂದು ಕುತೂಹಲ ಹಿಡಿದಿತ್ತು. ರಾಜಧಾನಿಯಾಗಿದ್ದ ಊರಿಗೆ ಹೋದರೆ ಸುಲ್ತಾನನು ಎಲ್ಲಿ ಕುಳಿತುಕೊಳ್ಳುತ್ತಿದ್ದನು, ರಾಣಿಯರು ಎಲ್ಲಿ ಮೀಯುತ್ತಿದ್ದರು, ಮದ್ದುಗುಂಡು ಎಲ್ಲಿತ್ತು ಎಂಬುದನ್ನೆಲ್ಲ ತೋರಿಸುವವರು ಸಿಕ್ಕುತ್ತಾರೆ. ದೂರು ಹೇಳಿಕೊಳ್ಳಲು ಹಳ್ಳಿಯಿಂದ ಬಂದ ರೈತನು ಎಲ್ಲಿ ನಿಲ್ಲುತ್ತಿದ್ದನು? ಅವನ ಮಾತನ್ನು ಯಾರು ಬರೆದುಕೊಳ್ಳುತ್ತಿದ್ದರು? ಬರೆದದ್ದು ಯಾವ ಭಾಷೆಯಲ್ಲಿ? ಈ ಪ್ರಶ್ನೆಗಳನ್ನು ಹಿಡಿದುಕೊಂಡು ಬೀದರಿನಲ್ಲಿ ಎರಡು ದಿನ, ಭಾಲ್ಕಿಯಲ್ಲಿ ಒಂದು ದಿನ, ಔರಾದಿನಲ್ಲಿ ಒಂದು ದಿನ ಓಡಾಡಿದೆನು. ಅಲ್ಲಿ ಕಂಡದ್ದನ್ನೂ ಅದರಿಂದ ತೋರಿದ್ದನ್ನೂ ತಮ್ಮ ಮುಂದೆ ಇಡುತ್ತೇನೆ.

ಬೀದರು ಕೆಂಪು ಜಂಬಿಟ್ಟಿಗೆಯ ಒಂದು ಪ್ರಸ್ಥಭೂಮಿಯ ಅಂಚಿನಲ್ಲಿದೆ. ಸಮುದ್ರಮಟ್ಟದಿಂದ 2,000 ಅಡಿಗೂ ಹೆಚ್ಚು ಎತ್ತರ. ಬಹಮನಿ ಸುಲ್ತಾನ ಅಹಮದ್ ಷಾಹನು ಹದಿನೈದನೆಯ ಶತಮಾನದ ಎರಡನೆಯ ಪಾದದಲ್ಲಿ ಗುಲಬರ್ಗೆಯನ್ನು ಬಿಟ್ಟು ಇಲ್ಲಿಗೆ ಬಂದು ನೆಲಸಿದನು. ನೆಲದ ಈ ಕಲ್ಲು ಕಡಿಯುವುದಕ್ಕೆ ಸುಲಭ. ಗಾಳಿಗೆ ಒಡ್ಡಿದಮೇಲೆ ಗಟ್ಟಿಯಾಗುತ್ತದೆ. ಆದಕಾರಣ ಕಂದಕವನ್ನು ಕಟ್ಟಿಲ್ಲ, ಕಡಿದಿದ್ದಾರೆ. ಒಂದಲ್ಲ, ಮೂರು ಸಾಲು. ನಡುನಡುವೆ ಕಡಿಯದೆ ಉಳಿಸಿದ ಬಂಡೆಯ ಗೋಡೆಗಳು. ಅದನ್ನು ದಾಟಿ, 1503ರ ಶಾಸನವುಳ್ಳ ಶರ್ಜಾ ದರವಾಜೆಯ ಎರಡು ಹುಲಿಗಳ ಕೆಳಗೆ ಹಾದು, ಮುಂದೆ ಗುಂಬಜ್ ದರವಾಜೆಯನ್ನೂ ಕಳೆದು ಒಳಗೆ ಹೋಗುವಷ್ಟರಲ್ಲಿ, ಏನನ್ನೂ ಬೇಡಲು ಬಂದಿರದ ನನಗೂ ನಾನು ಸ್ವಲ್ಪ ಚಿಕ್ಕವನಾದಂತೆ ತೋರಿತು. ಕಟ್ಟಿದವರ ಉದ್ದೇಶವೂ ಅದೇ ಆಗಿದ್ದಿರಬೇಕು.

ನಾನು ಹುಡುಕುತ್ತಿದ್ದ ಸ್ಥಳಕ್ಕೆ ದಿವಾನ್-ಇ-ಆಮ್ ಎಂದು ಹೆಸರು. ಜನರು ಅದನ್ನು ಜಾಲಿ ಮಹಲ್ ಎಂದೂ ಕರೆಯುತ್ತಾರೆ. ಸಾರ್ವಜನಿಕ ದರ್ಬಾರಿನ ಶಾಲೆ ಅದು. ಪ್ರಜೆಯು ದೊರೆಯ ಕಣ್ಣಿಗೆ ಬೀಳಬಹುದಾಗಿದ್ದ ಜಾಗ. ಇಂದು ಮೇಲ್ಛಾವಣಿಯಿಲ್ಲ. ಕಂಬಗಳು ಮರದವಾಗಿದ್ದುವು, ಅವು ಹೋಗಿ ಅವುಗಳ ಕೆಳಗಲ್ಲುಗಳು ಮಾತ್ರ ಸಾಲುಸಾಲಾಗಿ ಉಳಿದಿವೆ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ನೀಲಿ, ಹಸುರು, ಹಳದಿ ಬಣ್ಣದ ಮೆರುಗುಬಿಲ್ಲೆಗಳ ಚೂರುಗಳು. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯು ಗುಲಾಂ ಯಜ್ದಾನಿಯವರ ಕೈಕೆಳಗೆ ಮಣ್ಣನ್ನೂ ಕಲ್ಲುರಾಶಿಯನ್ನೂ ತೆಗೆಸದಿದ್ದರೆ ಇಷ್ಟೂ ನಮಗೆ ಕಾಣುತ್ತಿರಲಿಲ್ಲ. 1947ರಲ್ಲಿ ಪ್ರಕಟವಾದ ಅವರ ಬೀದರಿನ ಗ್ರಂಥವು ಈಗಲೂ ಅಲ್ಲಿಗೆ ಹೋಗುವವರಿಗೆ ಅತ್ಯುತ್ತಮ ಸಂಗಾತಿ. ಹೊರುವುದಕ್ಕೆ ಮಾತ್ರ ಭಾರ. ಹತ್ತಿರದ ತಖ್ತ್ ಮಹಲಿನ ಎತ್ತರವಾದ ಕಮಾನು, ಅದರ ಮೇಲಿನ ಹುಲಿ ಮತ್ತು ಸೂರ್ಯನ ಚಿತ್ರ, ರಂಗೀನ್ ಮಹಲಿನಲ್ಲಿ ಕಪ್ಪುಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಕೆಲಸ, ಇವನ್ನು ವರ್ಣಿಸುವವರು ಬಹುಮಂದಿ ಇದ್ದಾರೆ, ನಾನು ಬಿಡುತ್ತೇನೆ.

ಈ ಅರಮನೆಗೆ ಸಾಮಾನ್ಯ ಮನುಷ್ಯನು ಹೇಗೆ ಬರುತ್ತಿದ್ದನೆಂಬುದಕ್ಕೆ ಒಬ್ಬ ಸಾಕ್ಷಿಯಿದ್ದಾನೆ. ಅವನು ಬಂದದ್ದು ರಷ್ಯಾ ದೇಶದ ತ್ವೇರ್ ಪಟ್ಟಣದಿಂದ, ಹೆಸರು ಅಫನಾಸಿ ನಿಕಿತಿನ್, ಕಸುಬು ವ್ಯಾಪಾರ. 1470ರ ಸುಮಾರಿನಲ್ಲಿ ಒಂದು ಕುದುರೆಯನ್ನು ಮಾರಿಕೊಳ್ಳಲು ಬೀದರಿನವರೆಗೆ ಬಂದನು. ಅವನು ಬರೆದಿಟ್ಟಿರುವುದರ ಸಾರಾಂಶವಿಷ್ಟು: ಸುಲ್ತಾನನ ಅರಮನೆಗೆ ಏಳು ಬಾಗಿಲು, ಬಾಗಿಲೊಂದಕ್ಕೆ ನೂರು ಮಂದಿ ಕಾವಲುಗಾರರು, ನೂರು ಮಂದಿ ಬರೆಯುವವರು, ಬರೆಯುವವರು ಮುಸಲ್ಮಾನರಲ್ಲ, ಈ ದೇಶದ ಜನ, ಕೆಲವರು ಒಳಗೆ ಹೋಗುವವರನ್ನು ಬರೆದುಕೊಳ್ಳುವರು, ಕೆಲವರು ಹೊರಗೆ ಬರುವವರನ್ನು. ಪರದೇಶದವರಿಗೆ ಪ್ರವೇಶವಿಲ್ಲ. ನೂರು ಎಂಬ ಸಂಖ್ಯೆಯನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ಪ್ರವಾಸಿಗಳ ನೂರಕ್ಕೂ ಪುರಾಣಗಳ ಸಾವಿರಕ್ಕೂ ಒಂದೇ ಬೆಲೆ. ಆದರೆ ಬಾಗಿಲಲ್ಲಿ ಕತ್ತಿಯವನ ಪಕ್ಕದಲ್ಲಿಯೇ ಲೇಖನಿಯವನು ಕುಳಿತಿದ್ದನೆಂಬ ಮಾತು ಗಮನಿಸತಕ್ಕದ್ದು. ಅದೇ ನಿಕಿತಿನನು ಇನ್ನೊಂದು ಮಾತನ್ನೂ ಹೇಳಿದ್ದಾನೆ: ಇಲ್ಲಿ ಪ್ರಭುಗಳು ಅತಿ ಶ್ರೀಮಂತರು, ಹಳ್ಳಿಯ ಜನ ಕಡುಬಡವರು. ಏಳು ಬಾಗಿಲುಗಳನ್ನೂ ಅಷ್ಟು ಲೇಖನಿಗಳನ್ನೂ ದಾಟಿ ಆ ಕಡುಬಡವರಲ್ಲಿ ಎಷ್ಟು ಮಂದಿ ದಿವಾನ್-ಇ-ಆಮಿನ ನೆಲವನ್ನು ಮುಟ್ಟಿದರೋ!

ಬಡವರ ಮಾತು ಹಾಗಿರಲಿ. ಆ ರಾಜ್ಯದಲ್ಲಿ ಸುಲ್ತಾನನ ತರುವಾಯ ದೊಡ್ಡವನೆನಿಸಿದ್ದವನಿಗೇ ನ್ಯಾಯ ಸಿಕ್ಕಲಿಲ್ಲ. ಮಹಮೂದ್ ಗವಾನನ ಹೆಸರನ್ನು ತಾವೆಲ್ಲರೂ ಬಲ್ಲಿರಿ. ಪರ್ಷಿಯಾದ ಗೀಲಾನ್ ಸೀಮೆಯವನು. 1453ರಲ್ಲಿ ವ್ಯಾಪಾರಕ್ಕಾಗಿ ಬಂದು, ನಾಲ್ವರು ಸುಲ್ತಾನರ ಕಾಲದಲ್ಲಿ ಸೇವೆ ಮಾಡಿ, ಮಂತ್ರಿಯಾದನು. ಬೀದರಿನ ಊರೊಳಗೆ 1472ರಲ್ಲಿ ಅವನು ಕಟ್ಟಿಸಿದ ಮದ್ರಸಾ ಇಂದಿಗೂ ನಿಂತಿದೆ: ಮೂರು ಅಂತಸ್ತು, ಮುಂದುಗಡೆ ಎರಡು ಮಿನಾರುಗಳಿದ್ದುದರಲ್ಲಿ ಉಳಿದಿರುವುದು ಒಂದು. ಅಲ್ಲಿ 3,000 ಗ್ರಂಥಗಳಿದ್ದುವೆಂದು ಹೇಳುತ್ತಾರೆ. ಔರಂಗಜೇಬನ ಕಾಲದಲ್ಲಿ ಪುಸ್ತಕವಿದ್ದ ಮನೆಯಲ್ಲಿ ಮದ್ದನ್ನು ತುಂಬಿದರು. 1696ರಲ್ಲಿ ಅದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಉಪಾಧ್ಯಾಯವೃತ್ತಿಯವನಾದ ನನಗೆ ಕೋಟೆಯ ಎಲ್ಲ ಅರಮನೆಗಳಿಗಿಂತ ಈ ಮುರಿದ ಪಾಠಶಾಲೆಯೇ ಮೆಚ್ಚಿಕೆಯಾಯಿತೆಂದರೆ ತಾವು ಆಶ್ಚರ್ಯಪಡಲಾರಿರಿ.

ಗವಾನನು ಪತ್ರ ಬರೆಯುವ ಕಲೆಯಲ್ಲಿ ಪಂಡಿತ. ಅವನ ಪತ್ರಗಳ ಸಂಗ್ರಹವಾದ ರಿಯಾಜ್-ಉಲ್-ಇನ್ಶಾ ಒಂದು ಗ್ರಂಥ. ಪತ್ರರಚನೆಯ ಲಕ್ಷಣವನ್ನೇ ಹೇಳುವ ಮನಾಜಿರ್-ಉಲ್-ಇನ್ಶಾ ಇನ್ನೊಂದು. ಇಂಥವನನ್ನು ಕೊಂದದ್ದು ಒಂದು ಪತ್ರ. ದಖ್ಖನಿ ಪಕ್ಷದ ಸರದಾರರಿಗೆ ಅವನ ಮೇಲೆ ಹೊಟ್ಟೆಕಿಚ್ಚು. ಅವನು ಪ್ರಾಂತಗಳನ್ನು ನಾಲ್ಕರಿಂದ ಎಂಟಕ್ಕೆ ಒಡೆದು, ಪ್ರಾಂತಾಧಿಕಾರಿಯ ವಶದಲ್ಲಿ ಒಂದೊಂದೇ ಕೋಟೆಯನ್ನು ಬಿಟ್ಟು, ಅವರ ರೆಕ್ಕೆಗಳನ್ನು ಕತ್ತರಿಸಿದ್ದನು. ಫೆರಿಷ್ತಾ ಹೇಳುವ ಪ್ರಕಾರ ಅವರು ಅವನ ಮುದ್ರೆಯನ್ನು ಕಾಯುವ ಆಳನ್ನು ಒಲಿಸಿಕೊಂಡು, ಏನೂ ಬರೆಯದ ಒಂದು ಮಡಿಸಿದ ಕಾಗದಕ್ಕೆ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಅದರಲ್ಲಿ ಒರಿಸ್ಸದ ಅರಸನಿಗೆ, ದಂಡೆತ್ತಿ ಬಾ ಎಂದು ಗವಾನನೇ ಕರೆದಂತೆ ಬರೆದರು. ಪಾನಮತ್ತನಾಗಿದ್ದ ಸುಲ್ತಾನ ಮೂರನೆಯ ಮಹಮದ್ ಷಾಹನು ಮಂತ್ರಿಯನ್ನು ಕರೆಯಿಸಿ, ಸ್ವಾಮಿದ್ರೋಹಿಗೆ ಏನು ಶಿಕ್ಷೆಯೆಂದು ಕೇಳಿದನು. ಕತ್ತಿ, ಎಂದು ಮುದುಕನು ಉತ್ತರ ಕೊಟ್ಟನು. ಕಾಗದವನ್ನು ಎದುರಿಗೆ ಹಿಡಿದರು. ಮುದ್ರೆ ತನ್ನದು, ಬರಹ ತನ್ನದಲ್ಲ ಎಂದನು. ಮುದ್ರೆ ಯಾರ ಕೈಯಲ್ಲಿತ್ತು, ಅಕ್ಷರ ಯಾರದು, ಕಾಗದ ಯಾರ ಬಳಿ ಸಿಕ್ಕಿತು ಎಂದು ಯಾರೂ ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು, ಬೀದರಿನಿಂದ ಬಹುದೂರದಲ್ಲಿ, ಕೊಂಡಪಲ್ಲಿಯ ಪಾಳೆಯದಲ್ಲಿ ಅವನ ತಲೆ ಬಿದ್ದಿತು. ವರ್ಷ ತುಂಬುವ ಮೊದಲೇ ಸುಲ್ತಾನನೂ ಸತ್ತನು. ಆ ಮೇಲೆ ರಾಜ್ಯವು ಐದು ಹೋಳಾದ ಕಥೆ ಪಾಠದ ಪುಸ್ತಕಗಳಲ್ಲಿದೆ. ಗವಾನನ ಗೋರಿ ಬೀದರಿನ ಹತ್ತಿರದ ಗೋರ್ನಳ್ಳಿಯಲ್ಲಿದೆ, ನೋಡುವವರು ಕಡಿಮೆ. ಅಷ್ಟೂರಿನಲ್ಲಿ ಸುಲ್ತಾನರ ಗುಮ್ಮಟಗಳ ಸಾಲನ್ನು ನೋಡಲು ಹೋಗುವವರು ಬಹಳ. ಅಲ್ಲಿ ಕ್ರೂರಿಯೆಂದು ಹೆಸರಾದ ಹುಮಾಯೂನನ ಗೋರಿ ಸಿಡಿಲು ಬಡಿದು ಸೀಳಿ ನಿಂತಿದೆ. ಬದುಕಿದ್ದಾಗ ಯಾವ ಕಟಕಟೆಗೂ ಸಿಕ್ಕದವನನ್ನು ಸಿಡಿಲು ವಿಚಾರಿಸಿತೆಂದು ಜನ ಆಡಿಕೊಳ್ಳುತ್ತಾರೆ.

ಮುದ್ರೆ ನನ್ನದು, ಬರಹ ನನ್ನದಲ್ಲ ಎಂಬ ಆ ಮಾತು ಬೀದರಿನ ಸೀಮೆಯಲ್ಲಿ ಗವಾನನೊಡನೆ ಮುಗಿಯಲಿಲ್ಲ. ಇದು ನನಗೆ ಹೊಳೆದದ್ದು ಭಾಲ್ಕಿಗೆ ಹೋದ ದಿನ.

ಭಾಲ್ಕಿ ಬೀದರಿಗೆ ಸುಮಾರು ನಲವತ್ತು ಕಿಲೋಮೀಟರು. ದಾರಿ ಕೆಂಪು ನೆಲವನ್ನು ಬಿಟ್ಟು ಕೆಳಗಿಳಿದು ಎರೆಯ ಭೂಮಿಗೆ ಸೇರುತ್ತದೆ. ತೊಗರಿ, ಜೋಳ, ಕಬ್ಬು. ಊರಿನಲ್ಲಿ ಒಂದು ಚಿಕ್ಕ ಕೋಟೆಯಿದೆ. ಬೀದರಿನದನ್ನು ನೋಡಿ ಬಂದ ಕಣ್ಣಿಗೆ ಅದು ಹೊಲದ ಬೇಲಿಯಂತೆ ತೋರುವುದು ಸಹಜ. ಪಾಪ, ಅದರ ತಪ್ಪಲ್ಲ. ಇಂದು ಭಾಲ್ಕಿಯಲ್ಲಿ ನ್ಯಾಯಾಲಯವಿದೆ. ಕರಿಯ ಅಂಗಿಯ ವಕೀಲರೂ ಬಿಳಿಯ ಟೋಪಿಯ ಕಕ್ಷಿಗಾರರೂ ಹೋಟೆಲಿನ ಒಂದೇ ಬೆಂಚಿನಲ್ಲಿ ಕುಳಿತು ಚಹ ಕುಡಿಯುತ್ತಾರೆ. ಆ ಬೆಂಚಿನಲ್ಲಿ ನಾನೂ ಕುಳಿತು ಅವರ ಮಾತನ್ನು ಕೇಳುತ್ತಿದ್ದೆನು. ಅರ್ಜಿ, ಫಿರ್ಯಾದಿ, ತಕರಾರು, ಜಾಮೀನು, ಜಪ್ತಿ, ಹಾಜರು, ರುಜುವಾತು, ಖುಲಾಸೆ, ಅಸಲು, ನಕಲು. ಒಂದು ಶಬ್ದವೂ ನನಗೆ ಹೊಸದಲ್ಲ. ಮೈಸೂರಿನ ನ್ಯಾಯಾಲಯದ ಅಂಗಳದಲ್ಲಿಯೂ ಇವೇ ಕೇಳಿಬರುತ್ತವೆ. ಪಾರಸಿಯಿಂದಲೂ, ಪಾರಸಿಯ ಮೂಲಕ ಅರಬ್ಬಿಯಿಂದಲೂ ಬಂದ ಶಬ್ದಗಳು ಇವು. ಎಲ್ಲವೂ ಬೀದರಿನ ಏಳು ಬಾಗಿಲುಗಳಿಂದಲೇ ಹೊರಬಂದುವೆಂದು ನಾನು ಹೇಳುವುದಿಲ್ಲ. ಬಿಜಾಪುರದವರು, ಮರಾಠರು, ಹೈದರಾಲಿ ಟಿಪ್ಪು ಇವರ ಕಚೇರಿಗಳೂ ತಂದಿವೆ. ನ್ಯಾಯವೆಂಬ ಶಬ್ದ ನಮ್ಮಲ್ಲಿ ಸಂಸ್ಕೃತದ್ದು. ಅದನ್ನು ಪಡೆಯುವ ದಾರಿಯಲ್ಲಿ ಸಿಕ್ಕುವ ಶಬ್ದಗಳೆಲ್ಲ ಪಾರಸಿಯವು. ರೈತನಿಗೆ ಕನ್ನಡವಾಗಿ ಉಳಿದದ್ದು ದೂರೊಂದೇ.

ಬಹಮನಿಗಳಿಂದ ಮೊಗಲರವರೆಗೆ ಆಸ್ಥಾನದ ಬರಹ ಪಾರಸಿಯಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಈ ಸೀಮೆ ನಿಜಾಮರ ಕೈಸೇರಿದಮೇಲೆಯೂ ಅದೇ ನಡೆಯಿತು. 1884ರಲ್ಲಿ ಹೈದರಾಬಾದಿನ ನ್ಯಾಯಾಲಯಗಳಲ್ಲಿ ಪಾರಸಿ ಹೋಗಿ ಉರ್ದು ಬಂದಿತು. ಸಂಸ್ಥಾನದ ಪ್ರಜೆಗಳಲ್ಲಿ ಬಹುಮಂದಿಯ ಮನೆಮಾತು ತೆಲುಗು, ಮರಾಠಿ, ಇಲ್ಲವೆ ಕನ್ನಡ. ಭಾಲ್ಕಿಯ ರೈತನು ತನ್ನ ದೂರನ್ನು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಹೇಳುವನು. ಬರೆಯುವವನು ಉರ್ದುವಿನಲ್ಲಿ ಬರೆಯುವನು. ಹೇಳಿದವನು ಅದರ ಕೆಳಗೆ ಹೆಬ್ಬೆಟ್ಟು ಒತ್ತುವನು. ಕಾಗದ ಖಾಲಿಯಾಗಿಲ್ಲವೆಂಬುದೊಂದೇ ವ್ಯತ್ಯಾಸ. ಓದಲಾರದವನಿಗೆ ಬರೆದ ಕಾಗದವೂ ಖಾಲಿಯೇ. ಒಳ್ಳೆಯ ಬರಹಗಾರನು ಸಿಕ್ಕಿದರೆ ಅವನ ಪುಣ್ಯ. ಕೆಟ್ಟವನು ಸಿಕ್ಕಿದರೆ, ಹೆಬ್ಬೆಟ್ಟು ನನ್ನದು, ಬರಹ ನನ್ನದಲ್ಲ ಎಂದು ಯಾರ ಮುಂದೆ ಹೇಳಬೇಕು?

ಆದರೆ ಇಂಗ್ಲಿಷಿನಲ್ಲಿ ಓದಿ ಇಂಗ್ಲಿಷಿನಲ್ಲಿ ಪಾಠ ಹೇಳಿ ಸಂಬಳ ಪಡೆಯುವ ನನ್ನಂಥವನು ಇದನ್ನು ಹಳಿಯುವುದಕ್ಕೆ ಮುಂಚೆ ತುಸು ಯೋಚಿಸಬೇಕು. ಬ್ರಿಟಿಷರ ಪ್ರಾಂತಗಳಲ್ಲಿ ಮೇಲಿನ ನ್ಯಾಯಾಲಯಗಳ ಭಾಷೆ ಇಂಗ್ಲಿಷೇ ಆಗಿದ್ದಾಗ, ಹೈದರಾಬಾದು ಈ ದೇಶದ ಒಂದು ಭಾಷೆಯಲ್ಲಿ ಕಾನೂನನ್ನು ನಡೆಯಿಸಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಅದೇ ಭಾಷೆಯಲ್ಲಿ ಉಚ್ಚ ಶಿಕ್ಷಣವನ್ನು ಕೊಟ್ಟಿತು. ದೊಡ್ಡ ಸಾಹಸವೇ ಸರಿ. ಅದು ಭಾಲ್ಕಿಯ ರೈತನ ಭಾಷೆಯಲ್ಲವೆಂಬುದೇ ಅದರ ಕೊರತೆ.

ಈ ಕೊರತೆಯನ್ನು ಕಂಡು ಕೆಲಸಮಾಡಿದವರಲ್ಲಿ ಮುಖ್ಯರಾದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಕಮಲನಗರದಲ್ಲಿ ಹುಟ್ಟಿ, ನೂರನ್ನು ದಾಟಿ ಬದುಕಿ, 1999ರಲ್ಲಿ ಲಿಂಗೈಕ್ಯರಾದರು. ನಿಜಾಮರ ಆಳಿಕೆಯಲ್ಲಿ ಅವರ ಶಾಲೆಯ ಹೊರಗೆ ಉರ್ದುವಿನ ಹಲಗೆ ತೂಗುತ್ತಿತ್ತು. ಒಳಗೆ ಮಕ್ಕಳು ಕನ್ನಡ ಕಲಿಯುತ್ತಿದ್ದರು. ಭಾಲ್ಕಿಯಲ್ಲಿ ಈ ಮಾತನ್ನು ಹೇಳದವರಿಲ್ಲ. ಹೇಳುವಾಗ ಪ್ರತಿಯೊಬ್ಬರೂ ನಗುತ್ತಾರೆ. ಅದನ್ನು ಭಾಷಾಭಿಮಾನವೆಂದು ನಾವು ದೂರದಿಂದ ಕೊಂಡಾಡುತ್ತೇವೆ. ನನಗೆ ಅಲ್ಲಿ ಕುಳಿತಾಗ ತೋರಿದ್ದು ಬೇರೆ. ಅಕ್ಷರ ಬಂದವನು ತಾನು ಹೆಬ್ಬೆಟ್ಟು ಒತ್ತುವ ಕಾಗದವನ್ನು ಓದಿ ನೋಡುವನು. ಪಟ್ಟದ್ದೇವರು ಕೊಟ್ಟದ್ದು ಹಾಡುವುದಕ್ಕೆ ಒಂದು ಭಾಷೆಯನ್ನಷ್ಟೇ ಅಲ್ಲ, ಒಂದು ರಕ್ಷೆಯನ್ನು. ಕಲ್ಯಾಣದಲ್ಲಿ ಅನುಭವಮಂಟಪವನ್ನು ಕಟ್ಟಿಸಲು ಅವರು ಪಟ್ಟ ಶ್ರಮವನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಕಲ್ಯಾಣದ ಮಾತು ಬಂದರೆ ಈ ಉಪನ್ಯಾಸದ ಕಾಲ ಸಾಲದು.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಬೀದರು ಜಿಲ್ಲೆಯನ್ನು ಮೂರಾಗಿ ಹಂಚಿದರು: ಉದಗೀರ, ನಿಲಂಗ, ಅಹಮದಪುರ ಮುಂಬಯಿಯ ಕಡೆಗೆ, ಜಹೀರಾಬಾದು, ನಾರಾಯಣಖೇಡ ಆಂಧ್ರದ ಕಡೆಗೆ, ಉಳಿದದ್ದು ಮೈಸೂರಿಗೆ. ಕನ್ನಡ ನಾಡು ಒಂದಾಯಿತೆಂದು ನಾವು ಹರ್ಷಪಟ್ಟೆವು, ಹರ್ಷಪಡತಕ್ಕದ್ದೇ. ಆದರೆ ಆ ದಿನ ಬೀದರಿನ ಕಕ್ಷಿಗಾರನಿಗೆ ಏನಾಯಿತೆಂಬುದನ್ನು ಭೂಪಟವನ್ನು ಎದುರಿಗಿಟ್ಟುಕೊಂಡು ನೋಡೋಣ. ಹಿಂದೆ ಅವನ ಹೈಕೋರ್ಟು ಹೈದರಾಬಾದಿನಲ್ಲಿ, ಸುಮಾರು 140 ಕಿಲೋಮೀಟರು ದೂರದಲ್ಲಿತ್ತು. ಈಗ ಅದು ಬೆಂಗಳೂರಿಗೆ, ಸುಮಾರು 700 ಕಿಲೋಮೀಟರು ದೂರಕ್ಕೆ ಹೋಯಿತು. ಭಾಷೆ ಹತ್ತಿರ ಬಂದಿತು. ನ್ಯಾಯಾಲಯ ಐದರಷ್ಟು ದೂರ ಸರಿಯಿತು. ಎರಡು ಎಕರೆ ಎರೆಭೂಮಿಯ ವ್ಯಾಜ್ಯಕ್ಕೆ ಎರಡು ರಾತ್ರಿಯ ಪ್ರಯಾಣ, ಅಪರಿಚಿತ ಊರಿನಲ್ಲಿ ಊಟ ವಸತಿ, ವಕೀಲರು ಸಿಕ್ಕದಿದ್ದರೆ ಇನ್ನೊಂದು ದಿನ. ವ್ಯಾಜ್ಯದಲ್ಲಿ ಗೆದ್ದರೂ ಹೊಲದ ಒಂದು ಮೂಲೆ ದಾರಿಯ ಖರ್ಚಿಗೆ ಹೋಗಿರುವುದು. ಇದು 52 ವರ್ಷ ನಡೆಯಿತು. 2008ರ ಜುಲೈಯಲ್ಲಿ ಹೈಕೋರ್ಟಿನ ಸಂಚಾರಿ ಪೀಠವು ಗುಲಬರ್ಗೆಗೆ ಬಂದಿತು. 2013ರಲ್ಲಿ ಅದು ಖಾಯಂ ಆಯಿತು. ಅಹಮದ್ ಷಾಹನು ಗುಲಬರ್ಗೆಯಿಂದ ಬೀದರಿಗೆ ತಂದ ರಾಜಸಭೆಯ ದಾರಿಯಲ್ಲಿಯೇ ಬೀದರಿನವನು ಈಗ ಹಿಂದಿರುಗಿ ಹೋಗಬೇಕು. ಆದರೂ 110 ಕಿಲೋಮೀಟರು 700ಕ್ಕಿಂತ ಮೇಲು. 2017ರ ಅಕ್ಟೋಬರಿನಿಂದ ಆ ಎರಡು ಊರುಗಳ ನಡುವೆ ರೈಲೂ ಇದೆ. ಹೈಕೋರ್ಟಿನ ಭಾಷೆ ಮಾತ್ರ ಈಗಲೂ ಇಂಗ್ಲಿಷು. ಕೆಳಗಿನ ನ್ಯಾಯಾಲಯದಲ್ಲಿ ಕನ್ನಡದಲ್ಲಿದ್ದ ಸಾಕ್ಷ್ಯವು ಮೇಲಕ್ಕೆ ಹೋಗುವಾಗ ಭಾಷಾಂತರವಾಗುತ್ತದೆ. ಕಕ್ಷಿಗಾರನು ಮತ್ತೆ ತಾನು ಓದಲಾರದ ಕಾಗದಕ್ಕೆ ಗುರುತು ಹಾಕುತ್ತಾನೆ.

ಕೊನೆಯದಾಗಿ ಔರಾದು. ಕರ್ನಾಟಕದ ತೀರ ಉತ್ತರದ ತಾಲ್ಲೂಕು. ಭೂಪಟದಲ್ಲಿ ನಾಡಿನ ನೆತ್ತಿ. ಹಿಂದೆ ಈ ತಾಲ್ಲೂಕಿಗೆ ಸಂತಪುರವೆಂದು ಹೆಸರಿತ್ತು. ಊರಿನಲ್ಲಿ ಅಮರೇಶ್ವರನ ಗುಡಿ ಪ್ರಸಿದ್ಧ. ಅವನ ಜಾತ್ರೆಗೆ ಸುತ್ತಿನ ದನಗಳೆಲ್ಲ ಬರುತ್ತವೆ. ಬಿಳಿಯ ಮೈಯಲ್ಲಿ ಕರಿಯ ಮಚ್ಚೆಯ ದೇವಣಿ ತಳಿಯ ಎತ್ತುಗಳನ್ನು ನೋಡಿದರೆ, ಎತ್ತಿನ ವಿಷಯ ಏನೂ ತಿಳಿಯದ ಕಾಲೇಜಿನವನಿಗೂ ಒಂದನ್ನು ಕೊಂಡುಕೊಳ್ಳೋಣವೆನ್ನಿಸುತ್ತದೆ.

ಔರಾದಿನ ಹಲವು ಹಳ್ಳಿಗಳಲ್ಲಿ ಮನೆಮಾತು ಮರಾಠಿ. ಇದನ್ನು ನಾವು ದಕ್ಷಿಣದವರು ಮರೆಯುತ್ತೇವೆ, ಅಥವಾ ನೆನೆದು ಕಳವಳಗೊಳ್ಳುತ್ತೇವೆ. ಭಾಲ್ಕಿಯಲ್ಲಿ ಉರ್ದುವಿನ ವಿಷಯವಾಗಿ ನಾನು ಹೇಳಿದ ಮಾತು ಔರಾದಿನಲ್ಲಿ ಕನ್ನಡದ ವಿಷಯವಾಗಿಯೂ ಸ್ವಲ್ಪಮಟ್ಟಿಗೆ ನಿಜವಾಗಬಹುದೆಂದು ಅಲ್ಲಿಗೆ ಹೋಗುವವರೆಗೆ ನನಗೆ ತೋರಿರಲಿಲ್ಲ. ಅಲ್ಲಿಯ ನ್ಯಾಯಾಲಯದ ಸಮೀಪದಲ್ಲಿ, ರಸ್ತೆಯ ಬದಿಗೆ, ಅರ್ಜಿ ಬರೆದುಕೊಡುವವರು ಕುಳಿತಿರುತ್ತಾರೆ. ನಿಕಿತಿನನು ಕಂಡ ಲೇಖಕರ ವಂಶದವರೆಂದೇ ಹೇಳಬೇಕು. ಆದರೆ ಇವರು ಬಾಗಿಲಿನಿಂದ ಈಚೆಗೆ, ಜನರ ಕಡೆಗೆ ಕುಳಿತಿದ್ದಾರೆ. ಲೇಖನಿಯ ಸ್ಥಾನದಲ್ಲಿ ಕಂಪ್ಯೂಟರು ಬಂದಿದೆ. ಒಬ್ಬ ಮುದುಕಿ ಅಲ್ಲಿ ಕೆಳಗೆ ಕುಳಿತು ಅರ್ಜಿಯನ್ನು ಮಾಡಿಸುತ್ತಿದ್ದಳು. ಬರೆಯುವವನು ಪೂರ್ತಿಮಾಡಿ, ಕನ್ನಡದಲ್ಲಿದ್ದುದನ್ನು ಓದಿ, ಸಾಲುಸಾಲಿಗೆ ಮರಾಠಿಯಲ್ಲಿ ಅರ್ಥ ಹೇಳಿದನು. ಆಕೆ ಕಣ್ಣು ಮುಚ್ಚಿಕೊಂಡು ಕೇಳಿದಳು. ಅವನು ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದನು. ಆಕೆ ಕೈ ನೀಡಲಿಲ್ಲ. "ಪುನ್ಹಾ ವಾಚಾ" ಎಂದಳು. ಮತ್ತೊಮ್ಮೆ ಓದಿ ಎಂದು.

ಬೇಸರಪಡದೆ ಅವನು ಮತ್ತೆ ಓದಿದನು. ಚೆಕ್ಕುಬಂದಿಯ ಭಾಗ ಬಂದಾಗ ಆಕೆ ತಡೆದಳು. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಮೈದುನನ ಹೊಲ ಎಂದು ಬರೆದಿತ್ತು. ಇರುವುದು ಅದರ ತಿರುವುಮುರುವು. ಅವನು ಮೊದಲು ಒಪ್ಪಲಿಲ್ಲ. ಆಕೆ ನೆಲದ ಮೇಲೆ ಬೆರಳಿನಿಂದ ತನ್ನ ಹೊಲವನ್ನೂ ಹಳ್ಳವನ್ನೂ ಸೂರ್ಯ ಹುಟ್ಟುವ ಕಡೆಯನ್ನೂ ಬರೆದು ತೋರಿಸಿದಳು. ಸುತ್ತ ನಿಂತಿದ್ದವರಲ್ಲಿ ಆ ಹಳ್ಳಿಯ ಕಡೆಯವನೊಬ್ಬನಿದ್ದನು, ಅವನೂ ಹೌದೆಂದನು. ಹೊಸ ಹಾಳೆ ಅಚ್ಚಾಗಿ ಬಂದಿತು. ಮೂರನೆಯ ಸಲ ಆ ಎರಡು ಸಾಲನ್ನು ಮಾತ್ರ ಓದಿಸಿ ಕೇಳಿ, ಆಕೆ ಹೆಬ್ಬೆಟ್ಟನ್ನು ಒತ್ತಿದಳು. ಹಳೆಯ ಹಾಳೆಯನ್ನು ಕೇಳಿ ಇಸಿದುಕೊಂಡು, ತಾನೇ ನಾಲ್ಕಾಗಿ ಹರಿದು, ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸಿನ ಕಡೆಗೆ ಹೊರಟಳು.